ಹಲಗೆ ಸಪಾಟು ಮಾಡುವ ಬಿಟ್

ನಾವು ಕವಿತಾಳದಲ್ಲಿ ಬಡಿಗತನ ಮಾಡುವವರು. ಬೇವಿನ ಹಲಗೆ, ಜಾಲಿ ಹಲಗೆ ಕೊಯ್ಯಿಸಿ ತರುತ್ತೇವೆ. ನಮ್ಮ ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಹಸಿ ಹಲಗೆ ಒಣಗುವಾಗ ಸೊಟ್ಟ ಆಗುತ್ತದೆ. ಅಂಥ ಹಲಗೆಯಿಂದ ಬಾಗಿಲು ಮಾಡಿದರೆ ಚೌಕಟ್ಟಿಗೆ ಕೂಡುವುದಿಲ್ಲ.

ಮೊದಲು ರಂದಾ ಹೊಡೆದು ಸಪಾಟು ಮಾಡುತ್ತಿದ್ದೆವು. ಪುಸ್ತಕದವರು ಇದಕ್ಕೆ ಕೀಸುಳಿ ಅಂತಾರೆ. ಅಗಲ ಹಲಗೆಯಾದರೆ ರಟ್ಟೆ ಬಿದ್ದುಹೋಗುತ್ತಿತ್ತು. ಈಗ ರೌಟರ್ ಮಷಿನ್ ಬಂದಿದೆ. ಹಲಗೆ ಅಲುಗದಂತೆ ಕೆಳಗೆ ಬೆಣೆ ಕೊಡುತ್ತೇವೆ. ಎರಡೂ ಕಡೆ ಒಂದೇ ಎತ್ತರದ ಪಟ್ಟಿ ಇಡುತ್ತೇವೆ. ಪಟ್ಟಿಯ ಮೇಲೆ ಜಾರುವ ಒಂದು ಅಡ್ಡ ಹಲಗೆ. ಅದರ ನಡುವಿನ ಉದ್ದ ಕಂಡಿಯಲ್ಲಿ ಮಷಿನ್ ಓಡಾಡುತ್ತದೆ. ಕೆಳಗಿನ ಹಲಗೆಯ ಉಬ್ಬೆಲ್ಲ ಹೋಗುತ್ತದೆ.

ಮಷಿನ್‌ಗೆ ಯಾವ ಬಿಟ್ ಹಾಕಬೇಕು? 1 ಅಡಿ ಅಂದರೆ ಸುಮಾರು 300 ಮಿಲಿಮೀಟರ್. ಅಷ್ಟು ಅಗಲಕ್ಕೆ 12 ಮಿ.ಮೀ. ಬಿಟ್ಟನ್ನು 25 ಸಲ ಓಡಿಸಬೇಕು. 25ರ ಬಿಟ್ ಆದರೆ 12 ಸಲ. ಹಾಗಾದರೆ 50ರದ್ದೇ ಹಾಕೋಣ ಅಂತೀರಿ. ನಾವೂ ಹಾಗೇ ಅಂದಿದ್ದೆವು.

ಕಣದಲ್ಲಿ ಹಂತಿ ಹೊಡೆಯುತ್ತಿದ್ದದ್ದು ನೆನಪು ಮಾಡಿಕೊಳ್ಳಿರಿ. ಮೇಟಿಯ ಹತ್ತಿರದ ಎತ್ತು ನಿಂತಲ್ಲೇ ತಿರುಗಿದ ಹಾಗೆ. ಹೊರಗಿನ ಎತ್ತು ಓಡಬೇಕು. ಬಿಟ್ ಅಗಲವಾದಷ್ಟೂ ಅದರ ಅಂಚು ಹಾಗೇ ಓಡುತ್ತದೆ. ಸಣ್ಣ ಮಷಿನ್ ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತದೆ. ಹಲವಕ್ಕೆ ವೇಗ ಇಳಿಸುವ ಗುಂಡಿಯೇ ಇಲ್ಲ. ಅದಕ್ಕೆ ಅಗಲ ಬಿಟ್ ಹಾಕಿದರೆ ಮಷಿನ್ ಕೈಯಿಂದ ಕಿತ್ತುಕೊಳ್ಳುತ್ತದೆ. ಬಿಟ್ ಮುರಿದು ಸಿಡಿಯಲೂಬಹುದು. ಅರ್ಧ ಇಂಚಿನ ಕಡ್ಡಿ ಹಿಡಿಯುವ, ವೇಗ ಇಳಿಸಲು ಬರುವ ದೊಡ್ಡ ಮಷಿನ್ ಇದ್ದರೆ ಮಾತ್ರ 50ರ ಆಸೆ ಪಡಬೇಕು.

ಬಿಟ್‌ನ ಪೊಟ್ಟಣ ಓದಿರಿ. ಅಕ್ಷರ ಇಂಗ್ಲಿಷಿನವು, ಅಂಕಿ ಮಾತ್ರ ನಾವು ಕಲಿತವೇ. ಬಿಟ್ ಎಷ್ಟು ಅಗಲ, ಕಡ್ಡಿ ಎಷ್ಟು ದಪ್ಪ ಎಂದು ಬರೆದಿರುತ್ತದೆ. ವೇಗದ ಮಿತಿ ಬರೆದಿದ್ದರೆ ಅದನ್ನೂ ನೋಡಿರಿ. ನಿಮ್ಮ ಮಷಿನ್‌ನ ವೇಗ ಅದನ್ನು ದಾಟಬಾರದು.

ನಾವು ಮೋಸ ಹೋದದ್ದು ಕಡ್ಡಿಯ ಅಂಕಿಯಲ್ಲಿ. 6 ಮಿ.ಮೀ. ಅಂದರೂ ಕಾಲಿಂಚು ಅಂದರೂ ಒಂದೇ ಎಂದು ತಿಳಿದಿದ್ದೆವು. ಕಾಲಿಂಚು ಅಂದರೆ 6.35. ಕಣ್ಣಿಗೆ ಕಾಣದ ಫರಕು! 6ರ ಕಡ್ಡಿಯನ್ನು ಕಾಲಿಂಚಿನ ಬಾಯಿಗೆ ಹಾಕಿ ಬಿಗಿ ಮಾಡಿದೆವು. ಓಡುತ್ತ ಓಡುತ್ತ ಬಿಟ್ ಜಾರಿ ಕೆಳಗಿಳಿಯಿತು. ಗಿರಾಕಿಯ ಸಾಗವಾನಿ ಹಲಗೆಯಲ್ಲಿ ಬೆರಳು ಹೋಗುವಷ್ಟು ಕುಳಿ ಬಿತ್ತು. ಆ ತಿಂಗಳ ಕೂಲಿ ಅದಕ್ಕೇ ಹೋಯಿತು. ಮಷಿನ್ ಹಿಡಿದ ಹುಡುಗನ ಕೈ ಉಳಿಯಿತು, ಅದೇ ದೊಡ್ಡದು.

ಈಗ ಒಂದು ಸಲಕ್ಕೆ 1 ಮಿ.ಮೀ. ಅಷ್ಟೇ ಇಳಿಸುತ್ತೇವೆ. ಬಿಟ್ ಬದಲಿಸುವ ಮುಂಚೆ ಪ್ಲಗ್ಗು ಕೀಳುತ್ತೇವೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕುತ್ತೇವೆ. ಕಟ್ಟಿಗೆ ಪುಡಿ ವರ್ಷಗಟ್ಟಲೆ ಉಸಿರಿಗೆ ಹೋದರೆ ಮೂಗಿನೊಳಗೆ ಕ್ಯಾನ್ಸರ್ ಬರಬಹುದು. ಟವೆಲ್ ಕಟ್ಟಿಕೊಂಡರೆ ಸಾಲದು.

ಎಷ್ಟು ಒಳ್ಳೆ ಬಿಟ್ ಹಾಕಿದರೂ ಹಲಗೆಯ ಮೇಲೆ ಸಣ್ಣ ಗೆರೆ ಉಳಿಯುತ್ತವೆ. ಅದಕ್ಕೆ ಹಳೇ ರಂದಾನೇ ಬೇಕು ನೋಡ್ರಿ.