ಪ್ರೋಟೀನನ್ನು ಅಳೆಯುವ ಬೆಳಕು

ದಹಿಸರದ ಕನ್ನಡಿಗರ ಮನೆಗಳಲ್ಲಿಯೂ ಮಧುಮೇಹವು ಇಂದು ಪರಿಚಿತ ವ್ಯಾಧಿ. ಅದು ಮೂತ್ರಪಿಂಡವನ್ನು ಬಾಧಿಸತೊಡಗಿದಾಗ ನೋವು ತೋರದು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ದಿನಕ್ಕೆ 30ರಿಂದ 300 ಮಿಲಿಗ್ರಾಮಿನಷ್ಟು ಸೋರತೊಡಗುತ್ತದೆ. ಈ ಅಲ್ಪಾಂಶವನ್ನು ಅಳೆಯುವ ವಿಧಾನಗಳಲ್ಲಿ ಪ್ರತಿದೀಪಕ ವರ್ಣದ್ರವ್ಯದ ಬಳಕೆಯೂ ಒಂದು.

ಒಂದು ಬೆಳಕನ್ನು ಹೀರಿ, ಹೆಚ್ಚು ತರಂಗಾಂತರದ ಮತ್ತೊಂದನ್ನು ಸೂಸುವ ಗುಣವೇ ಪ್ರತಿದೀಪ್ತಿ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿದನು. ‘ಆಲ್ಬುಮಿನ್ ಬ್ಲೂ 580’ ಎಂಬ ವರ್ಣದ್ರವ್ಯವು ನೀರಿನಲ್ಲಿ ಮಂಕಾಗಿದ್ದು, ಆಲ್ಬುಮಿನಿಗೆ ಅಂಟಿದೊಡನೆ ಹೊಳೆಯುತ್ತದೆ. ಪ್ರಮಾಣ ತಿಳಿದ ದ್ರಾವಣಗಳ ಹೊಳಪಿನೊಡನೆ ಇದನ್ನು ಹೋಲಿಸಿದರೆ ಪ್ರೋಟೀನಿನ ಮೊತ್ತ ತಿಳಿಯುತ್ತದೆ.

ಹಾನಿಯು ಮೊದಲ ಹಂತದಲ್ಲಿರುವಾಗಲೇ ಚಿಕಿತ್ಸೆಗೆ ಅವಕಾಶ ದೊರೆಯುವುದರಲ್ಲಿಯೇ ಈ ಅಳತೆಯ ಸಾರ್ಥಕ್ಯವಿದೆ. ಈ ಅರಿವನ್ನು ರೋಗಿಗೆ ಅವನ ನುಡಿಯಲ್ಲಿಯೇ ತಲುಪಿಸುವುದು ಕನ್ನಡ ಅಧ್ಯಯನದ ಹೊಣೆಯೂ ಹೌದು.