ಹಳೆಯ ಕಾರಿನ ಬ್ರೇಕೂ ಗಾಳಿ ತೆಗೆಯುವ ಕಸುಬೂ

ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ, ಜನರ ಬಾಯಲ್ಲಿ ಜೆ.ಸಿ. ರೋಡ್ ಎಂದೇ ನಿಂತುಹೋದ ಆ ಬೀದಿಯಲ್ಲಿ, ಮೋಟಾರು ಬಿಡಿಭಾಗಗಳ ಅಂಗಡಿಸಾಲನ್ನು ದಾಟಿ ಅಡ್ಡರಸ್ತೆಯೊಂದನ್ನು ಹೊಕ್ಕರೆ, ಬಾನೆಟ್ಟು ತೆರೆದು ನಿಂತ ಹಳೆಯ ಅಂಬಾಸಿಡರೋ ಫಿಯೆಟ್ಟೋ ಕಣ್ಣಿಗೆ ಬೀಳುವುದುಂಟು. ಅಂಥದೊಂದು ಕಾರಿನಡಿಯಲ್ಲಿ ಗೋಣಿ ಹಾಸಿ ಮಲಗಿದ್ದ ಮೇಸ್ತ್ರಿಯೊಬ್ಬರು “ಹೊಡಿ” ಎಂದರು. ಒಳಗೆ ಕುಳಿತ ಹುಡುಗನು ಪೆಡಲನ್ನು ಮೂರು ನಾಲ್ಕು ಬಾರಿ ಮೆಲ್ಲಗೆ ತುಳಿದನು. “ಹಿಡ್ಕೋ” ಎಂದರು, “ಹಿಡಿದಿದ್ದೀನಣ್ಣ” ಎಂದು ಅವನು ಕಾಲನ್ನು ಒತ್ತಿಯೇ ನಿಂತನು. ಮೇಸ್ತ್ರಿಯ ಕೈಯ ಸ್ಪ್ಯಾನರು ಕಾಲು ಸುತ್ತು ತಿರುಗಿತು, ಪಾರದರ್ಶಕವಾದ ಸಣ್ಣ ಕೊಳವೆಯಲ್ಲಿ ಸಾಸಿವೆಯಷ್ಟು ಗಾತ್ರದ ಗುಳ್ಳೆಗಳು ಎಣ್ಣೆಯೊಡನೆ ಹರಿದುಬಂದವು, ಸ್ಪ್ಯಾನರು ಮರಳಿ ಬಿಗಿಯಿತು. ಅದು ಬಿಗಿದ ಮೇಲೆಯೇ “ಬಿಡು” ಎಂಬ ಮಾತು ಹೊರಟಿತು.

ಈ ಕಸುಬಿನ ಮರ್ಮವನ್ನು ಅರಿಯಬೇಕಾದರೆ ದ್ರವಕ್ಕೂ ವಾಯುವಿಗೂ ಇರುವ ಸ್ವಭಾವಭೇದವನ್ನು ಗಮನಿಸಬೇಕು. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ವ್ಯಾಪಿಸುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಪ್ರತಿಪಾದಿಸಿದನು. ಆ ತತ್ತ್ವವನ್ನು ಆಶ್ರಯಿಸಿದ ಬ್ರೇಕು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳನ್ನು ಸೇರಿತು; ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಉತ್ತರಾರ್ಧದಿಂದ 2014ರವರೆಗೆ ತಯಾರಿಸಿದ ನಮ್ಮ ಅಂಬಾಸಿಡರಿಗೂ ಅದೇ ಆಧಾರವಾಯಿತು. ಚಾಲಕನ ಪಾದವು ಪೆಡಲನ್ನು ಅದುಮಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ನು ಮುಂದೆ ಸರಿದು, ಲೋಹದ ಕೊಳವೆಗಳಲ್ಲಿ ತುಂಬಿದ ಎಣ್ಣೆಯನ್ನು ಒತ್ತಿ, ಆ ಎಣ್ಣೆಯು ಚಕ್ರಗಳ ಬಳಿಯ ಸಿಲಿಂಡರುಗಳ ಮೂಲಕ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತಿ ನಿಲ್ಲಿಸುತ್ತದೆ. ಎಣ್ಣೆಯು ಕುಗ್ಗುವುದಿಲ್ಲವಾದುದರಿಂದಲೇ ಇದೆಲ್ಲವೂ ಸಾಧ್ಯ. ನಡುವೆ ಗಾಳಿ ಸೇರಿತೆಂದರೆ ಪಾದದ ಬಲವೆಲ್ಲವೂ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗಿ, ಪೆಡಲು ಹತ್ತಿಯ ಮೂಟೆಯನ್ನು ತುಳಿದಂತೆ ಒಳಕ್ಕಿಳಿಯುತ್ತದೆ. ಮೇಸ್ತ್ರಿಗಳು ಇದನ್ನೇ “ಪೆಡಲ್ ಸ್ಪಂಜಾಗಿದೆ” ಎನ್ನುವುದು. ಆ ಕಾಲದ ಬಹುಪಾಲು ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಎಣ್ಣೆಮಾರ್ಗವಿದ್ದು, ಅದು ಕೈಕೊಟ್ಟರೆ ಹ್ಯಾಂಡ್‌ಬ್ರೇಕಿನ ಹೊರತು ಬೇರೆ ಗತಿಯಿರಲಿಲ್ಲವೆಂಬುದನ್ನು ನೆನೆದರೆ, ಈ ಅಲ್ಪವಾದ ಗುಳ್ಳೆಯ ವಿಷಯದಲ್ಲಿ ಮೇಸ್ತ್ರಿಗಳಿಗಿರುವ ಕಟ್ಟುನಿಟ್ಟು ಎಷ್ಟು ಯುಕ್ತವೆಂಬುದು ತಿಳಿಯುತ್ತದೆ.

ಬಿಚ್ಚಿ ಹೊಸ ರಬ್ಬರು ವಾಷರುಗಳನ್ನು ತೊಡಿಸಿದ ಮಾಸ್ಟರ್ ಸಿಲಿಂಡರು ಒಳಗೆಲ್ಲ ಒಣಗಿ ಗಾಳಿಯಿಂದಲೇ ತುಂಬಿರುತ್ತದೆ. ಅದನ್ನು ಹಾಗೆಯೇ ಕಾರಿಗೆ ಜೋಡಿಸಿದರೆ ಆ ಗಾಳಿಯಷ್ಟನ್ನೂ ಉದ್ದವಾದ ಕೊಳವೆಗಳ ಏರುತಗ್ಗುಗಳಲ್ಲಿ ಅಟ್ಟಿಕೊಂಡು ಹೋಗಬೇಕಾಗುತ್ತದೆ. ಸಿಲಿಂಡರು ಓರೆಯಾಗಿ ಕುಳಿತಿದ್ದರಂತೂ ಅದರ ಎತ್ತರದ ತುದಿಯಲ್ಲಿ ಗಾಳಿ ಗೂಡುಕಟ್ಟಿ ಕೂತುಬಿಡುತ್ತದೆ. ಆದಕಾರಣ ಬಲ್ಲವರು ಅದನ್ನು ಮೊದಲು ಮೇಜಿನ ಮೇಲಿನ ವೈಸಿನಲ್ಲಿ ಸಮಮಟ್ಟವಾಗಿ, ನಡುಭಾಗಕ್ಕೆ ಪೆಟ್ಟಾಗದಂತೆ ಹಿಡಿಸಿ, ಎಣ್ಣೆ ತುಂಬಿ, ಎಣ್ಣೆ ಹೊರಡುವ ರಂಧ್ರದಿಂದ ಒಂದು ಕೊಳವೆಯನ್ನು ಬಾಗಿಸಿ ತಂದು ಅದರ ತುದಿಯನ್ನು ಸಿಲಿಂಡರಿನ ಎಣ್ಣೆಬಟ್ಟಲಲ್ಲಿಯೇ ಮುಳುಗಿಸುತ್ತಾರೆ. ಬಳಿಕ ಕಡ್ಡಿಯೊಂದರಿಂದ ಪಿಸ್ಟನ್ನನ್ನು ನಿಧಾನವಾಗಿ ಒತ್ತಿ, ಅಷ್ಟೇ ನಿಧಾನವಾಗಿ ಹಿಂದಕ್ಕೆ ಬಿಡುತ್ತಾರೆ. ಅವಸರದಿಂದ ಒತ್ತಿದರೆ ಎಣ್ಣೆಯೇ ನೊರೆಯೇಳುತ್ತದೆ. ಮೊದಲು ದೊಡ್ಡ ಗುಳ್ಳೆಗಳು, ಬಳಿಕ ಸಣ್ಣ ರವೆಯಂಥವು, ಕಡೆಗೆ ಸ್ವಚ್ಛವಾದ ಧಾರೆ. ಆಗ ಪಿಸ್ಟನ್ನು ಕಲ್ಲಿನಂತೆ ಎದುರು ನಿಲ್ಲುತ್ತದೆ.

ಕಾರಿಗೆ ಜೋಡಿಸಿದ ಮೇಲೆ ಚಕ್ರಗಳ ಸರದಿ. ಶೂಗಳನ್ನು ಡ್ರಮ್ಮಿನ ಸಮೀಪಕ್ಕೆ ಹೊಂದಿಸಿಕೊಂಡು, ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ನಮ್ಮ ಕಾರುಗಳಲ್ಲಿ ಅದು ಹಿಂದಿನ ಎಡಚಕ್ರ, ಕೊನೆಯದು ಮುಂದಿನ ಬಲಚಕ್ರ. ಗಾಳಿ ಬಿಡಲು ಸಡಿಲಿಸಿದ ಚಕ್ರದ ನಿಪ್ಪಲನ್ನು ಬಿಗಿಯುವ ಮುನ್ನ ಪೆಡಲು ಬಿಟ್ಟರೆ ಹೊರಹೋದ ಗಾಳಿ ಮರಳಿ ಒಳಸೇರುತ್ತದೆ. ಬಟ್ಟಲಿನ ಎಣ್ಣೆ ತಳಮುಟ್ಟಿದರೆ ಮಾಡಿದ್ದೆಲ್ಲವೂ ವ್ಯರ್ಥ. ನಾನು ಕಂಡ ಮೇಸ್ತ್ರಿ ಪೆಡಲಿನ ಕೆಳಗೆ ಒಂದು ಮರದ ತುಂಡನ್ನಿರಿಸಿದ್ದರು. ಕಾರಣ ಕೇಳಿದಾಗ, ಸವೆದ ಸಿಲಿಂಡರಿನಲ್ಲಿ ಪೆಡಲನ್ನು ಪೂರ್ತಿ ತುಳಿದರೆ ವಾಷರು ಎಂದೂ ಹೋಗದ, ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿದೀತೆಂದು ವಿವರಿಸಿದರು. ಅನುಭವವು ವಿವೇಕವಾಗಿ ಪರಿಣಮಿಸುವುದೆಂದರೆ ಇದೇ ಎಂದು ನನಗೆ ತೋರಿತು.

ಎಣ್ಣೆಯ ವಿಷಯದಲ್ಲಿಯೂ ಎಚ್ಚರವಿರಬೇಕು. ಈ ಕಾರುಗಳಲ್ಲಿ ಬಳಸುವ ಬ್ರೇಕ್ ಆಯಿಲು ಗ್ಲೈಕಾಲ್ ಜಾತಿಯದು. ಅದರ ಬದಲು ಎಂಜಿನ್ ಆಯಿಲನ್ನು ಸುರಿದರೆ ರಬ್ಬರು ಉಬ್ಬಿ ಕೆಡುತ್ತದೆ. ಬ್ರೇಕ್ ಆಯಿಲು ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುವುದರಿಂದ ಕೂಡಲೆ ನೀರಿನಿಂದ ತೊಳೆಯಬೇಕು. ಇದಕ್ಕೆ ಗಾಳಿಯ ತೇವವನ್ನು ಹೀರುವ ಗುಣವೂ ಉಂಟು: ಡಾಟ್ 3 ದರ್ಜೆಯ ಎಣ್ಣೆಗೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು, ತೇವ ಕೂಡಿದಾಗ 140ರ ಆಸುಪಾಸಿಗೆ ಇಳಿಯಬಲ್ಲದು. ಘಟ್ಟವಿಳಿಯುವಾಗ ಕಾದ ಬ್ರೇಕಿನಲ್ಲಿ ಆ ಎಣ್ಣೆ ಕುದಿದು ಆವಿಯಾದರೆ, ಅಷ್ಟು ಶ್ರಮದಿಂದ ಹೊರಗಟ್ಟಿದ ಗುಳ್ಳೆಯೇ ಇನ್ನೊಂದು ರೂಪದಲ್ಲಿ ಮರಳಿದಂತೆ.

ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಅದರ ಬಣ್ಣಕ್ಕೂ ಹೊಳಪಿಗೂ ವೆಚ್ಚಮಾಡುವ ಮುನ್ನ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಬದಲಿಸಿರಿ. ಬಲ್ಲ ಮೇಸ್ತ್ರಿಗೆ ಬೇಕಾದಷ್ಟು ಸಮಯವನ್ನು ಕೊಡಿರಿ, ಬೇಗ ಮುಗಿಸಿರೆಂದು ಅವರನ್ನು ಅವಸರಪಡಿಸದಿರಿ. ಗ್ಯಾರೇಜಿನಿಂದ ಹೊರಡುವ ಮುನ್ನ ಪೆಡಲನ್ನು ನೀವೇ ಒಮ್ಮೆ ಒತ್ತಿ ನೋಡಿರಿ. ಅದು ಪಾದಕ್ಕೆ ಗಟ್ಟಿಯಾಗಿ ಎದುರು ನಿಲ್ಲದಿದ್ದರೆ ಕಾರನ್ನು ರಸ್ತೆಗಿಳಿಸಬೇಡಿರಿ.