ಆಡದ ಆಟಗಳ ಅಟ್ಟ

ಬ್ಯಾಕ್‌ಲಾಗ್ ಅಂದ ಕೂಡಲೇ ವಿಟಿಯುನಲ್ಲಿ ಓದಿದವರಿಗೆ ಎಂ-3 ಪೇಪರ್ ನೆನಪಾಗುತ್ತದೆ. ಸರ್ಕಾರಿ ಕೆಲಸಕ್ಕೆ ತಯಾರಿ ನಡೆಸುತ್ತಿರುವವರಿಗೆ ಬ್ಯಾಕ್‌ಲಾಗ್ ಹುದ್ದೆಗಳ ಅಧಿಸೂಚನೆ ನೆನಪಾಗುತ್ತದೆ. ಐಟಿಯವರಿಗಂತೂ ಅದು ದಿನನಿತ್ಯದ ಮಾತು; ಸ್ಪ್ರಿಂಟ್ ಶುರುವಾಗುವ ಮೊದಲು ಜಿರಾ ತೆರೆದುಕೊಂಡು ಬ್ಯಾಕ್‌ಲಾಗ್ ಸೋಸುವುದಕ್ಕೇ ಒಂದು ಮೀಟಿಂಗ್ ಇರುತ್ತದೆ. ಮೂರೂ ಕಡೆ ಅರ್ಥ ಒಂದೇ: ಆಗಬೇಕಿತ್ತು, ಆಗಿಲ್ಲ.

ಈಗ ಅದೇ ಪದ ನಮ್ಮ ಬಿಡುವಿನ ಹೊತ್ತಿಗೂ ಬಂದು ಕೂತಿದೆ. ದುಡ್ಡು ಕೊಟ್ಟು ಕೊಂಡು, ಡೌನ್‌ಲೋಡ್ ಕೂಡ ಮಾಡದೆ ಬಿಟ್ಟ ವಿಡಿಯೊ ಗೇಮ್‌ಗಳ ರಾಶಿಗೆ ಗೇಮರ್‌ಗಳು ಬ್ಯಾಕ್‌ಲಾಗ್ ಅಂತಾರೆ. ಬೋರ್ಡ್ ಗೇಮ್, ಮಿನಿಯೇಚರ್ ಬೊಂಬೆ ಕೂಡಿಡುವವರ ಮಾತು ಇನ್ನೂ ಖಾರ. ಅವರು ಅದನ್ನು ‘ಪೈಲ್ ಆಫ್ ಶೇಮ್’ ಅಂತಾರೆ, ನಾಚಿಕೆಯ ರಾಶಿ. ಆಟ ಆಡದೇ ಇದ್ದುದಕ್ಕೆ ನಾಚಿಕೆ ಯಾಕೆ ಸ್ವಾಮಿ? ಹೋಂವರ್ಕ್ ಬಿಟ್ಟು ಆಟ ಆಡಿದ್ದಕ್ಕೆ ಬೈಸಿಕೊಂಡು ಬೆಳೆದ ತಲೆಮಾರು ನಮ್ಮದು. ಈಗ ನೋಡಿದರೆ ಆಟವೇ ಹೋಂವರ್ಕ್ ಆಗಿದೆ.

ಮೊದಲು ಹೀಗಿರಲಿಲ್ಲ. ಟಿವಿಗೆ ಸಿಕ್ಕಿಸುವ ವಿಡಿಯೊ ಗೇಮ್ ಕಾಲ ನೆನಪಿದೆಯಾ? ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ದೊಡ್ಡದಾಗಿ ಬರೆದಿರುತ್ತಿತ್ತು. ಪಟ್ಟಿಯಲ್ಲಿ ಕೆಳಗೆ ಹೋಗ್ತಾ ಹೋಗ್ತಾ ಅದೇ ಮಾರಿಯೊ, ಅದೇ ಕಾಂಟ್ರಾ, ಅದೇ ಬಾತುಕೋಳಿ ಬೇಟೆ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ನಿಜಕ್ಕೂ ಇದ್ದದ್ದು ಬೆರಳೆಣಿಕೆಯ ಆಟ. ಆ ಕೆಲವನ್ನೇ ಬೇಸಿಗೆ ರಜೆ ಪೂರ್ತಿ, ಕ್ಯಾಸೆಟ್ಟನ್ನು ಊದಿ ಊದಿ ಹಾಕಿಕೊಂಡು, ಹೆಬ್ಬೆರಳು ನೋಯುವ ತನಕ ಆಡಿದ್ದಾಯಿತು. ಆಮೇಲೆ ಸೈಬರ್ ಕೆಫೆ ಬಂತು, ಎಸ್‌.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್ ಬಂತು, ಯಾರದ್ದೋ ಮನೆಯಿಂದ ವೈಸ್ ಸಿಟಿಯ ಸಿಡಿ ಬಂತು. ಆಗೆಲ್ಲ ಕೊರತೆ ಇದ್ದದ್ದು ಆಟಗಳಿಗೆ, ಸಮಯಕ್ಕಲ್ಲ.

ಆಷಾಢ ಸೇಲ್, ಸ್ಟೀಮ್ ಸೇಲ್

ವಾಲ್ವ್ ಕಂಪನಿ 2003ರಲ್ಲಿ ಸ್ಟೀಮ್ ಶುರು ಮಾಡಿದಾಗ ಅದು ಅವರದೇ ಆಟಗಳಿಗೆ ಅಪ್‌ಡೇಟ್ ಕಳಿಸುವ ಸಣ್ಣ ವ್ಯವಸ್ಥೆ. ಈಗ ಪಿಸಿ ಆಟಗಳ ದೊಡ್ಡ ಸಂತೆಯೇ ಅದು. ಭಾರತದವರಿಗೆ ರೂಪಾಯಿ ಬೆಲೆ ಬಂದದ್ದು 2015ರ ಕೊನೆಯಲ್ಲಿ. ಈಗ ಯುಪಿಐ ಕೂಡ ನಡೆಯುತ್ತದೆ, ಅಂದ್ರೆ ಆಸೆಗೂ ಖರೀದಿಗೂ ನಡುವೆ ಉಳಿದಿರುವುದು ನಾಲ್ಕೋ ಆರೋ ಅಂಕಿಯ ಪಿನ್ ಮಾತ್ರ.

ಸ್ಟೀಮ್‌ನ ಬೇಸಿಗೆ ಸೇಲ್ ಬರುವುದು ಜೂನ್ ಕೊನೆಯಿಂದ ಜುಲೈ ಮೊದಲ ವಾರಗಳಲ್ಲಿ. ಹೆಚ್ಚುಕಮ್ಮಿ ನಮ್ಮ ಆಷಾಢ ಸೇಲ್ ಹೊತ್ತಿಗೇ! ಚಿಕ್ಕಪೇಟೆಯಲ್ಲಿ ಅಮ್ಮ ‘ಇಷ್ಟು ಕಡಿಮೆಗೆ ಮತ್ತೆ ಸಿಗಲ್ಲ’ ಅಂತ ಸೀರೆ ಆರಿಸುವಾಗ, ಮಗ ಮನೆಯಲ್ಲಿ ಅದೇ ಮಾತು ಹೇಳಿಕೊಂಡು ಐದು ಆಟ ಕಾರ್ಟ್‌ಗೆ ಹಾಕುತ್ತಿರುತ್ತಾನೆ. 2,999 ರೂಪಾಯಿಯ ಆಟ 599ಕ್ಕೆ ಸಿಕ್ಕರೆ ನಾವು ಲೆಕ್ಕ ಹಾಕುವುದು ಉಳಿದ 2,400 ರೂಪಾಯಿಯನ್ನು. ಆ ಆಟ ಕೇಳುವ ಎಂಬತ್ತು ಗಂಟೆಗೆ ಯಾರೂ ರಿಯಾಯಿತಿ ಕೊಟ್ಟಿಲ್ಲ ಅನ್ನೋದು ಆಗ ತಲೆಗೆ ಹೋಗುವುದಿಲ್ಲ.

ಕೊಳ್ಳದಿದ್ದರೂ ರಾಶಿ ಬೆಳೆಯುತ್ತದೆ. 2018ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಎಪಿಕ್ ಗೇಮ್ಸ್ ಸ್ಟೋರ್ ವಾರ ವಾರ ಉಚಿತ ಆಟ ಹಂಚುತ್ತಾ ಬಂದಿದೆ. ಲಾಕ್‌ಡೌನ್ ನಡುವೆ, 2020ರ ಮೇ ತಿಂಗಳಲ್ಲಿ ಜಿಟಿಎ-5 ಪುಕ್ಕಟೆ ಅಂದಾಗ ಜನ ಮುಗಿಬಿದ್ದು ಇಡೀ ಸ್ಟೋರ್ ಗಂಟೆಗಟ್ಟಲೆ ಮಲಗಿಬಿಟ್ಟಿತ್ತು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡ್ತಾರೆ? ತಗೊಂಡಿದ್ದಾಯಿತು, ಅಟ್ಟಕ್ಕೆ ಹಾಕಿದ್ದಾಯಿತು. ಜೊತೆಗೆ ಗೇಮ್ ಪಾಸ್, ಪ್ಲೇಸ್ಟೇಷನ್ ಪ್ಲಸ್ ಥರದ ಚಂದಾಗಳು ಬೇರೆ. ಸಾಲದ್ದಕ್ಕೆ, ಸ್ಟೀಮ್ ಒಂದರಲ್ಲೇ 2024ರಲ್ಲಿ 18,000ಕ್ಕೂ ಹೆಚ್ಚು ಹೊಸ ಆಟಗಳು ಬಿಡುಗಡೆಯಾದವು. ದಿನಕ್ಕೆ ಸುಮಾರು ಐವತ್ತು!

ಒಂದು ಸಣ್ಣ ಲೆಕ್ಕ ಹಾಕೋಣ. ಕೆಲಸ, ಟ್ರಾಫಿಕ್, ಅಡುಗೆ, ಮನೆಗೆ ಫೋನು ಎಲ್ಲ ಕಳೆದು ವಾರಕ್ಕೆ ಆರು ಗಂಟೆ ಆಟಕ್ಕೆ ಸಿಕ್ಕರೆ ಪುಣ್ಯ. ವರ್ಷಕ್ಕೆ ಮುನ್ನೂರು ಗಂಟೆ ಎನ್ನಿ. ಲೈಬ್ರರಿಯಲ್ಲಿ ಮುಟ್ಟದ ಆಟ 120 ಇವೆ, ಒಂದೊಂದಕ್ಕೆ ಸರಾಸರಿ ಇಪ್ಪತ್ತು ಗಂಟೆ ಅಂದುಕೊಂಡರೂ 2,400 ಗಂಟೆಯಾಯಿತು. ಎಂಟು ವರ್ಷ. ಅದೂ ಇವತ್ತಿನಿಂದ ಹೊಸದೊಂದನ್ನೂ ಕೊಳ್ಳದಿದ್ದರೆ. ಇಪ್ಪತ್ತು ಗಂಟೆ ಅನ್ನೋದೂ ಉದಾರ ಲೆಕ್ಕವೇ. ದಿ ವಿಚರ್-3 ಆಟದ ಮುಖ್ಯ ಕಥೆಯೊಂದಕ್ಕೇ ಐವತ್ತು ಗಂಟೆ ಬೇಕು, ಅಡ್ಡದಾರಿ ಹಿಡಿದರೆ ನೂರು. ಪರ್ಸೋನಾ-5 ರಾಯಲ್ ಬಹುತೇಕರಿಗೆ ನೂರು ಗಂಟೆಯ ವ್ರತ.

ನಾಲ್ಕೇ ನಾಲ್ಕು

ಸ್ಟೀಮ್ ಪ್ರತಿ ಡಿಸೆಂಬರ್‌ನಲ್ಲಿ ಆಟಗಾರರಿಗೆ ವರ್ಷದ ಲೆಕ್ಕ ಕೊಡುತ್ತದೆ. 2024ರ ಲೆಕ್ಕದಲ್ಲಿದ್ದ ಒಂದು ಅಂಕಿ ನನಗೆ ಇಡೀ ಬ್ಯಾಕ್‌ಲಾಗ್ ಚರ್ಚೆಗಿಂತ ದೊಡ್ಡದಾಗಿ ಕಂಡಿತು. ಒಬ್ಬ ಬಳಕೆದಾರ ಆ ವರ್ಷ ಆಡಿದ ಆಟಗಳ ಮಧ್ಯಾಂಕ ನಾಲ್ಕು. ಕನಿಷ್ಠ ಅರ್ಧದಷ್ಟು ಜನ ವರ್ಷವಿಡೀ ತೆರೆದದ್ದು ನಾಲ್ಕು ಆಟ, ಅಥವಾ ಅದಕ್ಕೂ ಕಡಿಮೆ. ಜನ ಕಳೆದ ಒಟ್ಟು ಸಮಯದಲ್ಲಿ ಆ ವರ್ಷದ ಹೊಸ ಆಟಗಳ ಪಾಲು ಶೇ 15 ಮಾತ್ರ. ಉಳಿದದ್ದೆಲ್ಲ ಹಳೆಯವಕ್ಕೆ.

ಅಲ್ಲಿಗೆ ಪ್ರಶ್ನೆಯೇ ಬದಲಾಗುತ್ತದೆ. ‘ಈ 120 ಆಟ ಮುಗಿಸೋದು ಹೇಗೆ?’ ಅಂತ ಕೇಳಿಕೊಳ್ಳುವವರಿಗೆ ಉತ್ತರ ಸಿಗಲ್ಲ, ಯಾಕಂದ್ರೆ ಮುಗಿಯಲ್ಲ. ‘ಈ ವರ್ಷದ ನನ್ನ ನಾಲ್ಕು ಯಾವುವು?’ ಅಂತ ಕೇಳಿದರೆ ಮಾತ್ರ ದಾರಿಯಿದೆ. ನೀವು ಆರಿಸದಿದ್ದರೂ ವರ್ಷದ ಕೊನೆಗೆ ಹೇಗೂ ನಾಲ್ಕು ಆಗಿರುತ್ತವೆ. ಆಗ ಆರಿಸಿದ್ದು ನೀವಲ್ಲ, ಆ ವಾರದ ಸೇಲ್ ಅಥವಾ ಆಫೀಸಿನಲ್ಲಿ ಯಾರೋ ಹೊಗಳಿದ ಟ್ರೇಲರ್.

ಇಲ್ಲಿ ಇನ್ನೊಂದು ಮಾತು. ಅಟ್ಟದ ಆಟಗಳ ಹೊತ್ತನ್ನು ನಿಜವಾಗಿ ತಿನ್ನುತ್ತಿರುವುದು ಸೇಲ್ ಅಲ್ಲ, ದಿನಾ ಹಾಜರಿ ಕೇಳುವ ಆಟಗಳು. ಬಿಜಿಎಂಐನ ರಾಯಲ್ ಪಾಸ್, ವ್ಯಾಲರಂಟ್‌ನ ಬ್ಯಾಟಲ್ ಪಾಸ್ ನೋಡಿ. ಇವತ್ತಿನ ಮಿಷನ್ ಇವತ್ತೇ ಮಾಡಬೇಕು, ಸೀಸನ್ ಮುಗಿದರೆ ಸಿಗಬೇಕಾದ ಸ್ಕಿನ್ ಹೋಯಿತು. ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ತೆರೆದು, ಇಪ್ಪತ್ತು ನಿಮಿಷ ಲೈಬ್ರರಿಯನ್ನು ಮೇಲೆ ಕೆಳಗೆ ಎಳೆದು, ಕೊನೆಗೆ ‘ಒಂದ್ ಮ್ಯಾಚ್ ಆಡಿ ಮಲ್ಕೊಳ್ಳೋಣ’ ಅನ್ನೋದು ಯಾರಿಗೆ ಗೊತ್ತಿಲ್ಲ? ಗೆಳೆಯರ ಜೊತೆ ಹರಟುತ್ತಾ ಆಡುವ ಆ ಒಂದು ಮ್ಯಾಚ್ ಖುಷಿಯದ್ದೇ, ಬೇಡ ಅಂತ ನಾನು ಹೇಳಲ್ಲ. ಆದರೆ ಅದನ್ನೂ ನಾಲ್ಕರಲ್ಲಿ ಒಂದು ಅಂತ ಲೆಕ್ಕಕ್ಕೆ ಹಿಡಿಯಿರಿ. ಆಗ ಉಳಿದದ್ದು ಮೂರು.

ಸೀರೆಗೂ ಸ್ಟೀಮ್‌ಗೂ ಇರುವ ವ್ಯತ್ಯಾಸ

‘ಇರೋದನ್ನೇ ಆಡಲ್ಲ, ಇನ್ನೊಂದ್ಯಾಕೆ ತಗೊಂಡೆ?’ ಅಂತ ಅಮ್ಮ ಕೇಳಿದರೆ, ‘ಬೀರುವಿನಲ್ಲಿ ಫಾಲ್ ಹಾಕಿಸದ ಸೀರೆ ಎಷ್ಟಿದೆ ಹೇಳಮ್ಮಾ’ ಅಂತ ಬಾಯಿ ಮುಚ್ಚಿಸಬಹುದು. ಆದರೆ ವಾದದಲ್ಲಿ ಗೆಲ್ಲೋದು ಅಮ್ಮನೇ. ಉಡದ ಸೀರೆ ಮಗಳಿಗೋ ಸೊಸೆಗೋ ಹೋಗುತ್ತದೆ. ಸ್ಟೀಮ್‌ನ ಆಟ ಹೋಗುವುದಿಲ್ಲ. ಖಾತೆಯನ್ನು ಬೇರೆಯವರಿಗೆ ವರ್ಗಾಯಿಸುವುದಕ್ಕೆ ನಿಯಮವೇ ಒಪ್ಪುವುದಿಲ್ಲ. ಅಸಲಿಗೆ ನೀವು ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಕ್ಯಾಲಿಫೋರ್ನಿಯಾದ ಹೊಸ ಕಾನೂನು ಜಾರಿಗೆ ಬರುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ದುಡ್ಡು ಕಟ್ಟುವ ಪುಟದಲ್ಲೇ ಸ್ಟೀಮ್ ಈ ಮಾತನ್ನು ಬರೆದು ಹಾಕಿತು.

ಇದು ಬರೀ ಕಾಗದದ ಮಾತಲ್ಲ. ಯೂಬಿಸಾಫ್ಟ್‌ನ ‘ದಿ ಕ್ರ್ಯೂ’ ಎಂಬ ಕಾರ್ ರೇಸ್ ಆಟ 2014ರಲ್ಲಿ ಬಂದದ್ದು. ಸದಾ ಸರ್ವರ್ ಜೊತೆ ಸಂಪರ್ಕದಲ್ಲಿದ್ದರೆ ಮಾತ್ರ ಅದು ಓಡುತ್ತಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ನಿಲ್ಲಿಸಿತು. ಅಲ್ಲಿಗೆ ಮುಗಿಯಿತು. ‘ನಿವೃತ್ತಿಯಾದ ಮೇಲೆ ಆಡ್ತೀನಿ’ ಅಂತ ಕೂಡಿಟ್ಟರೂ ಉಳಿಯುವ ಖಾತ್ರಿ ಎಲ್ಲದಕ್ಕೂ ಇಲ್ಲ. ಆನ್‌ಲೈನ್ ಇಲ್ಲದೆ ನಡೆಯದ ಆಟವಾದರೆ ಈಗ ಆಡಿ, ಇಲ್ಲವಾದರೆ ಕೊಳ್ಳಲೇಬೇಡಿ. ಒಬ್ಬರೇ ಕೂತು ಆಡುವ ಕಥೆಯ ಆಟಗಳು ಕಾಯಬಲ್ಲವು.

ಕಾಯಲು ಒಳ್ಳೆಯ ಜಾಗ ಲೈಬ್ರರಿಯಲ್ಲ, ವಿಶ್‌ಲಿಸ್ಟ್. ಅದಕ್ಕೆ ಬಾಡಿಗೆ ಇಲ್ಲ, ಬೆಲೆ ಇಳಿದರೆ ಮೇಲ್ ಕೂಡ ಬರುತ್ತದೆ. ‘ಈಗ ಬಿಟ್ರೆ ಹೋಯ್ತು’ ಅನ್ನೋ ಗಾಬರಿಗೂ ಕಾರಣವಿಲ್ಲ. ಹಿಂದೆ ಸ್ಟೀಮ್‌ನಲ್ಲಿ ಕೆಲವೇ ಗಂಟೆ ಇರುವ ಫ್ಲ್ಯಾಶ್ ಸೇಲ್ ಇರುತ್ತಿದ್ದವು, 2015ರ ಕೊನೆಯಲ್ಲಿ ಅವು ನಿಂತವು. ಈಗ ಸೇಲ್‌ನ ಮೊದಲ ದಿನದ ಬೆಲೆಯೇ ಸಾಮಾನ್ಯವಾಗಿ ಕೊನೆಯ ದಿನವೂ ಇರುತ್ತದೆ. ವರ್ಷಕ್ಕೆ ನಾಲ್ಕು ದೊಡ್ಡ ಸೇಲ್ ಬರುತ್ತವೆ.

ಹಣ ವಾಪಸ್ ಪಡೆಯುವ ನಿಯಮವನ್ನೂ ಗಮನಿಸಿ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ಹಿಂತಿರುಗಿಸುತ್ತದೆ. ಅಟ್ಟಕ್ಕೆ ಹಾಕುವ ಅಭ್ಯಾಸದವರಿಗೆ ಈ ಅನುಕೂಲ ಸಿಗುವುದೇ ಇಲ್ಲ. ಆರು ತಿಂಗಳು ಬಿಟ್ಟು ತೆರೆದು ‘ಛೆ, ಇದು ನನಗಲ್ಲ’ ಅಂದರೆ ಕೇಳುವವರಿಲ್ಲ. ಹಾಗಾಗಿ ಇವತ್ತು ರಾತ್ರಿ ಇನ್‌ಸ್ಟಾಲ್ ಮಾಡುವ ಆಟವನ್ನಷ್ಟೇ ಇವತ್ತು ಕೊಳ್ಳುವುದು ಬುದ್ಧಿವಂತಿಕೆ.

ಬ್ಯಾಕ್‌ಲಾಗ್ ಸೋಸುವುದಕ್ಕೆ ಎಕ್ಸೆಲ್ ಶೀಟ್ ಮಾಡಿಕೊಂಡವರೂ ಇದ್ದಾರೆ. ಪ್ರಕಾರ, ಗಂಟೆ, ಆದ್ಯತೆ, ಕೆಂಪು ಹಳದಿ ಹಸಿರು ಬಣ್ಣ! ಆಫೀಸ್ ಬಿಟ್ಟು ಬಂದ ಮೇಲೂ ಅದೇ ಬೇಕಾ? ಅದಕ್ಕಿಂತ ಲ್ಯಾಪ್‌ಟಾಪಿನ ಡಿಸ್ಕ್ ಒಳ್ಳೆಯ ಮ್ಯಾನೇಜರ್. ರೆಡ್ ಡೆಡ್ ರಿಡೆಂಪ್ಶನ್-2, ಬಾಲ್ಡರ್ಸ್ ಗೇಟ್-3 ಎರಡೂ ತಲಾ 150 ಜಿಬಿ ಜಾಗ ಕೇಳುತ್ತವೆ. 512 ಜಿಬಿಯ ಡಿಸ್ಕ್‌ನಲ್ಲಿ ವಿಂಡೋಸ್, ಆಫೀಸ್ ಫೈಲು, ಮದುವೆ ಫೋಟೊಗಳ ಜೊತೆ ಎರಡು ದೊಡ್ಡ ಆಟ ಹಿಡಿಸಿದರೆ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅನ್ನೋದು ಇಲ್ಲಿ ಅಕ್ಷರಶಃ ನಿಜ. ಒಂದು ದೊಡ್ಡದು, ಒಂದು ಸಣ್ಣದು ಇನ್‌ಸ್ಟಾಲ್ ಆಗಿರಲಿ. ಉಳಿದವನ್ನು ಸ್ಟೀಮ್‌ನಲ್ಲೇ ‘ಹೈಡ್’ ಮಾಡಿಬಿಡಿ. ಕಣ್ಣಿಗೆ ಕಾಣದಿದ್ದರೆ ಕರೆಯುವುದೂ ಇಲ್ಲ.

ಅರ್ಧಕ್ಕೆ ಬಿಡುವ ವಿಷಯ ಬಂದರೆ ನಮ್ಮವರಿಗೆ ತಟ್ಟೆಯಲ್ಲಿ ಅನ್ನ ಬಿಟ್ಟಷ್ಟು ಸಂಕಟ. ಯಾವುದಾದರೂ ದೊಡ್ಡ ಆಟದ ಜಾಗತಿಕ ಅಚೀವ್‌ಮೆಂಟ್ ಪಟ್ಟಿ ತೆರೆದು ನೋಡಿ. ಮೊದಲ ಅಧ್ಯಾಯ ದಾಟಿದವರ ಶೇಕಡಾವಾರು ಎಷ್ಟು, ಕೊನೆ ಮುಟ್ಟಿದವರದ್ದು ಎಷ್ಟು ಅಂತ ಅಲ್ಲೇ ಇರುತ್ತದೆ. ಜಗತ್ತೇ ಅರ್ಧಕ್ಕೆ ಬಿಟ್ಟಿದೆ, ನಿಮ್ಮದೇನು! ಮೂರು ಸಂಜೆ ಆಡಿಯೂ ರುಚಿ ಹತ್ತದ ಆಟಕ್ಕೆ ನಾಲ್ಕನೇ ಸಂಜೆ ಕೊಡಬೇಕಾಗಿಲ್ಲ.

ಇಷ್ಟವಾದ ಆಟವೇ ಪ್ರಾಜೆಕ್ಟ್ ರಿಲೀಸ್‌ನ ಗಲಾಟೆಯಲ್ಲಿ ನಿಂತುಹೋಗುವುದು ಬೇರೆ ಕಥೆ. ಎರಡು ತಿಂಗಳ ಮೇಲೆ ತೆರೆದರೆ ಯಾವ ಬಟನ್ ಒತ್ತಿದರೆ ಕತ್ತಿ, ಯಾವುದಕ್ಕೆ ಗುರಾಣಿ ಅನ್ನೋದೇ ಮರೆತಿರುತ್ತದೆ. ಅನೇಕ ಒಳ್ಳೆಯ ಆಟಗಳು ಸಾಯುವುದು ಹೀಗೆಯೇ. ದಿ ವಿಚರ್-3 ಲೋಡ್ ಆಗುವಾಗ ‘ಇಲ್ಲಿಯವರೆಗಿನ ಕಥೆ’ ಹೇಳುವ ಪದ್ಧತಿ ಇದೆ, ಧಾರಾವಾಹಿ ಥರ. ಎಲ್ಲ ಆಟಗಳೂ ಅಷ್ಟು ಉಪಕಾರ ಮಾಡಲ್ಲ. ನಿಲ್ಲಿಸುವ ಮೊದಲು ಫೋನಿನ ನೋಟ್ಸ್‌ನಲ್ಲಿ ಎರಡು ಸಾಲು ಬರೆದಿಡಿ: ಎಲ್ಲಿದ್ದೀನಿ, ಮುಂದೆ ಏನು ಮಾಡಬೇಕು, ಗುರಾಣಿಗೆ ಯಾವ ಬಟನ್. ಇಷ್ಟೇ ಸಾಕು.

ದೊಡ್ಡದರ ಜೊತೆ ಒಂದು ಸಣ್ಣದು ಅಂದೆನಲ್ಲ, ಅಟ್ಟ ಹುಡುಕಿದರೆ ಅಂಥವು ಸಿಗುತ್ತವೆ. 2007ರ ಪೋರ್ಟಲ್ ಮೂರ್ನಾಲ್ಕು ಗಂಟೆಯ ಆಟ, ಅದರ ಒಗಟುಗಳು ಇವತ್ತಿಗೂ ಹಳಸಿಲ್ಲ. ‘ಎ ಶಾರ್ಟ್ ಹೈಕ್’ನಲ್ಲಿ ಗುಡ್ಡ ಹತ್ತಿ ಇಳಿಯಲು ಎರಡು ಗಂಟೆ ಸಾಕು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ಹೊಡೆದಾಟ ಸ್ವಲ್ಪ ಒರಟು, ಆದರೆ ಅದರ ಕೋಟೆ ಕೊತ್ತಲ ನೋಡುವುದಕ್ಕೇ ಆಡಬಹುದು. ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಮದುವೆಯಾದವರಿಗೆ ‘ಇಟ್ ಟೇಕ್ಸ್ ಟು’ ಇದೆ. ಇಬ್ಬರಿದ್ದರೆ ಮಾತ್ರ ಆಡಲು ಸಾಧ್ಯ, ದೂರದ ಊರಲ್ಲಿದ್ದರೂ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರಿಗೆ ಫ್ರೆಂಡ್ಸ್ ಪಾಸ್ ಉಚಿತ.

ಈ ಶನಿವಾರಕ್ಕೆ ಒಂದೇ ಒಂದು ಹೇಳಿ ಅಂದರೆ ನಾನು 2023ರ ‘ವೆನ್ಬಾ’ ಹೇಳುತ್ತೇನೆ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ ಅದು. ತಾಯಿಯ ಕೈಯಲ್ಲಿರುವ ಹಳೆಯ ಅಡುಗೆ ಪುಸ್ತಕ ಹರಿದು ಅಕ್ಷರ ಅಳಿಸಿಹೋಗಿದೆ, ಬಿಟ್ಟುಹೋದ ಹಂತವನ್ನು ನಾವೇ ಊಹಿಸಿ ಅಡುಗೆ ಮಾಡಬೇಕು. ಬೆಳೆಯುತ್ತಾ ಭಾಷೆಯಿಂದ, ಊಟದಿಂದ ದೂರವಾಗುವ ಮಗನೂ ಇದ್ದಾನೆ. ಒಟ್ಟು ಒಂದೂವರೆ ಗಂಟೆ. ಆಡುವಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಒಗಟೇ ಇಡ್ಲಿ ಬೇಯಿಸುವುದು, ಅವರೇ ಬೇಗ ಬಿಡಿಸಿಯಾರು.